ಹೆಸರು ಕೇಳಿದ ಪ್ರೊಫೆಸರು

ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಬಳೆಯ ಸಗಟು ವ್ಯಾಪಾರ ಮಾಡುವವಳು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ಕಡಿಮೆ. ವಿಶಾಖಪಟ್ಟಣದಲ್ಲಿ ಇಂಜಿನಿಯರಿಂಗ್ ಮುಗಿಸುತ್ತಿದ್ದ ತಮ್ಮನ ಮಗಳಿಗೆ ಜರ್ಮನಿಯಲ್ಲಿ ಓದಲು ಪ್ರೊಫೆಸರರ ಶಿಫಾರಸು ಪತ್ರ ಬೇಕಾದಾಗ, ಕೇಳುವುದಕ್ಕೆ ನನ್ನನ್ನೇ ಜೊತೆಗೆ ಕರೆದೊಯ್ದಳು.

ಪ್ರೊಫೆಸರರು ಅವಳ ಹೆಸರು ಕೇಳಿಕೊಂಡು, "ನುವ್ವೇ ರಾಸಿ ತೀಸುಕುರಾ ಅಮ್ಮಾ" ಅಂದರು. ಅವಳೇ ಬರೆದು ತಂದರೆ ಸಹಿ ಹಾಕುತ್ತಾರಂತೆ. ಬಹಳ ಮಂದಿ ಪ್ರೊಫೆಸರರು ಹೀಗೇ ಮಾಡುತ್ತಾರೆ. ವ್ಯಾಪಾರ ಕುದುರಿತೆಂದು ನಾನು ಖುಷಿಯಿಂದ ಹೊರಬಂದೆ.

ಹುಡುಗಿ ಮೆಟ್ಟಿಲ ಮೇಲೆ ನಿಂತುಬಿಟ್ಟಳು. "ಅತ್ತೆ, ನಾಲ್ಕು ವರ್ಷ ಅವರ ಮುಂದೇನೇ ಕೂತಿದ್ದೆ. ಇವತ್ತು ಹೆಸರು ಕೇಳಿದ್ರು. ನನ್ನ ಬಗ್ಗೆ ಅವರಿಗೇನು ಗೊತ್ತು ಅಂತ ಬರೀಲಿ?"

"ಒಳ್ಳೇದೇ ಬರಿ. ಮಾಲು ಮಾರೋವಾಗ ಯಾರಾದ್ರೂ ನಾಚ್ಕೋತಾರಾ?"

ಶ್ರಮಜೀವಿ, ಶಿಸ್ತಿನವಳು ಎಂದು ಬರೆದಳು. ಮುಂದಕ್ಕೆ ಏನೂ ಹೊಳೆಯಲಿಲ್ಲ. ಒಂದು ಸಂದೇಹ ಕೇಳಲೂ ಅವರ ಕೋಣೆಗೆ ಹೋದವಳಲ್ಲ. ಅಷ್ಟಕ್ಕೇ ಅವರು ಸಹಿ ಹಾಕಿಕೊಟ್ಟರು. ಜರ್ಮನಿಯ ಯಾವ ವಿಶ್ವವಿದ್ಯಾಲಯವೂ ಅವಳನ್ನು ಕರೆಯಲಿಲ್ಲ. ಈಗ ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರಂನ ಕಾರ್ಖಾನೆಯೊಂದರ ಶಿಫ್ಟ್ ಬಸ್ಸು ಹತ್ತುತ್ತಾಳೆ.

ಓದುವ ಮಕ್ಕಳು ಸಿಕ್ಕಿದರೆ ನಾನು ಬಿಡುವುದಿಲ್ಲ. ಏನೂ ಬೇಡದಿರುವಾಗಲೇ ಮೇಷ್ಟ್ರ ಬಾಗಿಲು ತಟ್ಟಿ, ಅರ್ಥವಾಗದ್ದನ್ನು ಕೇಳಿ, ಬೈದರೂ ಮತ್ತೆ ಹೋಗಿ ಎನ್ನುತ್ತೇನೆ. ಕೊಳ್ಳದ ದಿನವೂ ಮಾತಾಡಿಸಿ ಹೋಗುವ ಗಿರಾಕಿಯ ಮುಖ ನನಗೆ ಮರೆಯುವುದಿಲ್ಲವಲ್ಲ.

ತಮ್ಮನ ಮಗಳು ಹಬ್ಬಕ್ಕೆ ನಮ್ಮ ಮನೆಗೆ ಬಂದು ಊಟಕ್ಕೆ ಕೂತಿದ್ದಾಗ, ಪಕ್ಕದ ಮನೆಯ ಹುಡುಗನಿಗೆ ಇದನ್ನೇ ಹೇಳುತ್ತಿದ್ದೆ. ಅವಳು ತಟ್ಟೆಯಿಂದ ಕಣ್ಣೆತ್ತದೆ, "ನಿಮಗೆ ಇದು ಮೊದಲೇ ಗೊತ್ತಿತ್ತಾ ಅತ್ತೆ?" ಅಂದಳು.