ತೊಟ್ಟಿಯಕ್ಕ ನೀರಿಗಿಳಿದ ದಿನ

ರೆಸಾರ್ಟಿನ ಹಾಜರಿ ಯಂತ್ರಕ್ಕೆ ತೊಟ್ಟಿಯಕ್ಕನ ಹೆಬ್ಬೆರಳಿನ ಪರಿಚಯವೇ ಇಲ್ಲ. ಯಂತ್ರ ಬಂದು ಆರು ವರ್ಷವಾಯಿತು. ಈಗಲೂ ಅವಳು ಬೆರಳಿಟ್ಟರೆ ಕೆಂಪು ದೀಪ ಹತ್ತಿ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತದೆ. ಹತ್ತೊಂಬತ್ತು ವರ್ಷ ದಿನಕ್ಕೆ ಆರೇಳು ತಾಸು ಸೋಪಿನ ನೀರಿನಲ್ಲಿದ್ದ ಬೆರಳು, ಗೆರೆಗಳೆಲ್ಲ ಸವೆದುಹೋಗಿವೆ. ಅದಕ್ಕೇ ಆಫೀಸಿನ ಗುಮಾಸ್ತೆ ಅವಳೊಬ್ಬಳಿಗಾಗಿ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಬಂದ ಹೊತ್ತು, ಹೋದ ಹೊತ್ತು, ಪಕ್ಕದಲ್ಲೊಂದು ಸಹಿ. ಬೇರೆ ಯಾರ ಹೆಸರೂ ಅದರಲ್ಲಿಲ್ಲ.

ಆ ದ್ವೀಪಕ್ಕೆ ಜನ ಬರುವುದು ಸಮುದ್ರದ ತಳ ನೋಡಲು. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಿಗೆ ಉಸಿರಿನ ಕೊಳವೆ, ಮೈಗೆ ಎರಡನೇ ಚರ್ಮದ ಹಾಗೆ ಅಂಟಿಕೊಳ್ಳುವ ರಬ್ಬರ್ ಸೂಟು. ಮುಕ್ಕಾಲು ಗಂಟೆ ಮೀನುಗಳ ಜೊತೆ ಇದ್ದು ಮೇಲೆ ಬಂದು, ಎಲ್ಲವನ್ನೂ ಕಳಚಿ ದಡದ ಸಿಮೆಂಟ್ ಕಟ್ಟೆಯ ಮೇಲೆ ಎಸೆದು, ತಣ್ಣನೆಯ ಜ್ಯೂಸು ಕುಡಿಯಲು ಹೋಗುತ್ತಾರೆ. ಹಾಗೆ ಎಸೆದದ್ದೆಲ್ಲ ತೊಟ್ಟಿಯಕ್ಕನ ಪಾಲಿಗೆ.

ಅವಳ ಹತ್ತಿರ ಮೂರು ತೊಟ್ಟಿಗಳಿವೆ. ಮೊದಲನೆಯದರಲ್ಲಿ ಮಾಸ್ಕು, ಬಾಯಿಗೆ ಕಚ್ಚುವ ಕೊಳವೆ. ಎರಡನೆಯದರಲ್ಲಿ ಗಾಳಿ ತುಂಬುವ ಜಾಕೆಟ್ಟು. ಮೂರನೆಯದರಲ್ಲಿ ಸೂಟು. ಈ ಸರದಿ ತಪ್ಪಕೂಡದು. ಕೊಳವೆಯ ತುದಿಗೆ ಒಣಗಿದ ಮುಚ್ಚಳ ಹಾಕದೆ ಅದ್ದಕೂಡದು, ಅದ್ದಿದಾಗ ಅದರ ಗುಂಡಿ ಒತ್ತಕೂಡದು. ಒತ್ತಿದರೆ ನೀರು ಒಳಗೆ ಹೋಗಿ ಇಡೀ ಸಾಮಾನು ಬಿಚ್ಚಬೇಕಾಗುತ್ತದೆ. ಸೂಟನ್ನು ಒಳಮೈ ಹೊರಗೆ ಬರುವಂತೆ ಮಗುಚಿ ತೊಳೆದು, ಹಾಗೇ ನೆರಳಲ್ಲಿ ನೇತುಹಾಕಬೇಕು. ಇವೆಲ್ಲ ಯಾವ ಕಾಗದದಲ್ಲೂ ಇಲ್ಲ. ಅವಳ ಕೈಯಲ್ಲಿವೆ.

ಸೂಟು ಕೊನೆಗೇಕೆ ಎಂದು ಯಾರಾದರೂ ಕೇಳಿದರೆ ನಗುತ್ತಾಳೆ. ಹೆದರಿದ ಮನುಷ್ಯ ನೀರಿನೊಳಗೆ ಏನು ಮಾಡುತ್ತಾನೋ ಅದು ಸೂಟಿಗೆ ಗೊತ್ತು, ಸೂಟು ತೊಳೆಯುವವಳಿಗೆ ಗೊತ್ತು. ಒಮ್ಮೆ ಆರಡಿಯ ಆಸಾಮಿಯೊಬ್ಬ ಊಟದ ಮೇಜಿನಲ್ಲಿ ಶಾರ್ಕಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಕಥೆ ಹೇಳುತ್ತಿದ್ದ. ಅದೇ ಹೊತ್ತಿಗೆ ತೊಟ್ಟಿಯಕ್ಕ ಅವನ ಬಾಯಿಕೊಳವೆಯ ರಬ್ಬರು ಎರಡೂ ಕಡೆ ಹಲ್ಲಿಗೆ ಸಿಕ್ಕಿ ಹರಿದಿದ್ದನ್ನು ನೋಡುತ್ತಿದ್ದಳು. ಸೂಟಿಗೆ ಎರಡು ಸಲ ಸೋಪು ಹಾಕಬೇಕಾಯಿತು. ಅವಳು ಯಾರಿಗೂ ಹೇಳಲಿಲ್ಲ. ಅಷ್ಟು ಜನರ ಹೆದರಿಕೆಯನ್ನು ತೊಳೆದು ಒಣಗಿಸಿ, ಮಾರನೇ ದಿನ ಮಡಚಿ ಅವರ ಕೈಗೇ ಕೊಟ್ಟವಳು.

ಇಷ್ಟಾಗಿ ಅವಳು ಒಮ್ಮೆಯೂ ತಲೆ ಮುಳುಗುವಷ್ಟು ಸಮುದ್ರಕ್ಕೆ ಇಳಿದಿರಲಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತಾರಲ್ಲ, ಹಾಗೆ.

ಅವಕಾಶ ಇರಲಿಲ್ಲ ಅಂತಲ್ಲ. ವರ್ಷಕ್ಕೊಮ್ಮೆ, ಸೀಸನ್ನು ಮುಗಿದು ರೆಸಾರ್ಟಿಗೆ ಎರಡು ತಿಂಗಳು ಬಾಗಿಲು ಹಾಕುವ ಮೊದಲ ದಿನ, ಸಿಲಿಂಡರುಗಳಲ್ಲಿ ಉಳಿದ ಗಾಳಿಯನ್ನು ಕೆಲಸಗಾರರು ಬಿಟ್ಟಿಯಾಗಿ ಉಸಿರಾಡಬಹುದು. ತೋಟದವನು, ಅಡುಗೆಯವನು, ದೋಣಿಯವರು, ಎಲ್ಲರೂ ಇಳಿಯುತ್ತಾರೆ. ಹೆಂಗಸರು ದಡದಲ್ಲಿ ಟವೆಲ್ಲು ಹಿಡಿದು ನಿಲ್ಲುತ್ತಾರೆ. ಮೊದಲ ವರ್ಷ ತೊಟ್ಟಿಯಕ್ಕ ಬಸುರಿ. ಮರುವರ್ಷ ಮಗಳು ಕಂಕುಳಲ್ಲಿ. ಆಮೇಲೆ ಅತ್ತೆಯ ಸೊಂಟ ಮುರಿಯಿತು. ಆಮೇಲೆ ಕಾರಣ ಹುಡುಕುವುದೂ ನಿಂತುಹೋಯಿತು, ಯಾಕೆಂದರೆ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಇಳಿದ ಮೇಲೆ ತೊಳೆಯಲು ಒಬ್ಬರು ಬೇಕಲ್ಲ. ಆ ದಿನದ ತೊಳೆತವೇ ವರ್ಷದ ಮುಖ್ಯ ತೊಳೆತ; ಒಂದು ಹರಳು ಉಪ್ಪು ಉಳಿದರೂ ಎರಡು ತಿಂಗಳಲ್ಲಿ ರಬ್ಬರು ಬಿರುಕು ಬಿಡುತ್ತದೆ.

ಈ ವರ್ಷ ಸೂಚನೆಯ ಹಲಗೆಗೆ ಇಳಿಯುವವರ ಪಟ್ಟಿ ಅಂಟಿಸಿದಾಗ ಒಂಬತ್ತನೇ ಸಾಲಿನಲ್ಲಿ ಅವಳು ತನ್ನ ಹೆಸರು ಬರೆದಳು. ಐವತ್ತು ದಾಟಿದವರನ್ನು ಮೊದಲ ಸಲ ನೀರಿಗಿಳಿಸುವುದಿಲ್ಲ ಎಂಬುದು ರೆಸಾರ್ಟಿನ ನಿಯಮ. ಅವಳಿಗೆ ಐವತ್ತು ತುಂಬಲು ಐದು ತಿಂಗಳಿತ್ತು. ಈಗ ಇಲ್ಲದಿದ್ದರೆ ಇನ್ನಿಲ್ಲ.

ಅಡುಗೆಯವನು ಮೊದಲು ನೋಡಿದ. “ಏನಕ್ಕಾ, ತೊಟ್ಟಿ ಸಾಲದಾಯ್ತಾ?”

“ಹತ್ತೊಂಬತ್ತು ವರ್ಷದಿಂದ ನಿಮ್ಮೆಲ್ಲರ ಬಾಯಲ್ಲಿ ಕೇಳಿದ್ದೇ ಆಯ್ತು. ನಿಜಾನೋ ಸುಳ್ಳೋ ಒಂದ್ಸಲ ನೋಡ್ಬರ್ತೀನಿ.”

ಮ್ಯಾನೇಜರು ಸಂಜೆ ಬಂದರು. ತಗ್ಗಿದ ದನಿಯ ಮನುಷ್ಯ. “ಅಕ್ಕಾ, ಖುಷಿ ಆಯ್ತು. ಆದ್ರೆ ನೀವು ಇಳಿದ್ರೆ ತೊಳಿಯೋರು ಯಾರು?”

“ಇಳಿದೋರು.”

ಅವರು ಅದನ್ನು ಜೋಕು ಎಂದುಕೊಂಡು ನಕ್ಕರು. “ಒಂದ್ ಕೆಲಸ ಮಾಡಿ. ನೀವೂ ಹೋಗ್ಬನ್ನಿ, ಬಂದ್ಮೇಲೆ ಆರಾಮಾಗಿ ತೊಳೀರಿ. ಯಾರೂ ಬೇಡ ಅನ್ನಲ್ಲ.”

ಹೆಂಗಸಿಗೆ ಸಿಗುವ ರಜೆ ಬಹುಮಟ್ಟಿಗೆ ಇಂಥದ್ದೇ. ಕೆಲಸ ಕರಗುವುದಿಲ್ಲ, ಪಕ್ಕಕ್ಕೆ ಸರಿದು ಕಾಯುತ್ತ ಕೂತಿರುತ್ತದೆ.

ಮನೆ ದ್ವೀಪದ ಹಿಂಬದಿಯಲ್ಲಿ, ಎರಡು ಕೋಣೆಯದು. ಗಂಡ ಅದೇ ರೆಸಾರ್ಟಿನ ದೋಣಿ ನಡೆಸುವವನು. ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಕುಡಿದಿಟ್ಟ ಚಹಾದ ಲೋಟವನ್ನೂ ಎತ್ತುವುದಿಲ್ಲ. ಪಟ್ಟಿಯ ಸುದ್ದಿ ಅವನಿಗೆ ಅಡುಗೆಯವನಿಂದ ತಲುಪಿತ್ತು.

“ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ?”

“ನೀವು ಪ್ರತಿ ವರ್ಷ ಹೆಸರು ಬರೆಯುವಾಗ ನನಗೆ ಹೇಳ್ತಿದ್ರಾ?” ತರಕಾರಿ ಹೆಚ್ಚುತ್ತಲೇ ಕೇಳಿದಳು.

“ನನ್ನ ಮಾತು ಬೇರೆ. ಆ ಬಿಗಿ ಸೂಟು ಹಾಕ್ಕೊಂಡು, ಈ ವಯಸ್ಸಲ್ಲಿ, ಎಲ್ಲರ ಮುಂದೆ...”

“ರೀ, ಆ ಸೂಟಿನೊಳಗೆ ಎಂಥೆಂಥಾ ಹೊಟ್ಟೆಗಳು ತೂರಿದ್ದನ್ನ ನೋಡಿದೀನಿ. ನನ್ನದೇನೂ ದೊಡ್ಡದಲ್ಲ.”

ಹಾಸಿಗೆಯಲ್ಲಿದ್ದ ಅತ್ತೆ ಕಿಸಕ್ಕನೆ ನಕ್ಕರು. ಮಗನಿಗೆ ಅದು ಸೇರಲಿಲ್ಲ. “ಅಮ್ಮನ್ನ ಯಾರು ನೋಡ್ಕೋತಾರೆ ಅವತ್ತು?”

ಇದು ಕೊನೆಯ ಬಾಣ ಎಂದು ಮೂವರಿಗೂ ಗೊತ್ತಿತ್ತು. ತೊಟ್ಟಿಯಕ್ಕನ ಚಾಕು ನಿಂತಿತು. ಕಾಲೇಜಿಗೆ ಹೋಗುವ ಮಗಳು ಪುಸ್ತಕದಿಂದ ತಲೆಯೆತ್ತಿ, “ನಾನಿರ್ತೀನಪ್ಪ, ಅವತ್ತು ಕ್ಲಾಸಿಲ್ಲ” ಎಂದಳು. ಅತ್ತೆ ಅವಳ ಮಾತು ಮುಗಿಯುವುದನ್ನೂ ಕಾಯಲಿಲ್ಲ. “ಹೋಗ್ಲಿ ಬಿಡೋ. ಒಂದಿನಕ್ಕೆ ನಾನೇನ್ ಸಾಯಲ್ಲ. ಸತ್ರೂ ಮಾರನೇ ದಿನ ಸಾಯ್ತೀನಿ. ನನ್ನ ಸೊಂಟ ಮುರಿದಾಗಿಂದ ಈ ಹುಡುಗಿ ಸೊಂಟ ನೆಟ್ಟಗೆ ಮಾಡಿದ್ದನ್ನ ನಾನು ನೋಡಿಲ್ಲ.”

ಐವತ್ತರ ಹತ್ತಿರದವಳನ್ನು ‘ಹುಡುಗಿ’ ಎನ್ನುವವರು ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು.

ಆ ದಿನ ಬೆಳಿಗ್ಗೆ ತೊಟ್ಟಿಯಕ್ಕ ಎರಡು ಹೊತ್ತಿನ ಅಡುಗೆ ಮುಗಿಸಿದಳು. ಅತ್ತೆಯ ಮಾತ್ರೆಗಳನ್ನು ಮೂರು ಬಟ್ಟಲಲ್ಲಿಟ್ಟು ಮಗಳಿಗೆ ಎರಡು ಸಲ ತೋರಿಸಿದಳು, ಬಟ್ಟೆ ಒಗೆದು ಹರವಿದಳು. ತಾನು ಮುಳುಗಲು ಹೋಗುವ ಮುನ್ನ ಮನೆಯನ್ನು ತೇಲಿಸಿಟ್ಟು ಹೋಗಬೇಕಲ್ಲ. ರೆಸಾರ್ಟಿನಲ್ಲಿ ಮೂರೂ ತೊಟ್ಟಿಗೆ ಸಿಹಿನೀರು ತುಂಬಿಸಿ, ಮ್ಯಾನೇಜರೂ ಸೇರಿ ಇಳಿಯಲು ಬಂದ ಹದಿನಾಲ್ಕು ಜನರನ್ನು ಕಟ್ಟೆಯ ಹತ್ತಿರ ನಿಲ್ಲಿಸಿದಳು.

“ಇವತ್ತು ಅವರವರ ಸಾಮಾನು ಅವರವರೇ ತೊಳೀಬೇಕು. ಮೊದಲು ಮಾಸ್ಕು, ಕೊಳವೆ. ಮುಚ್ಚಳ ಹಾಕಿ ಅದ್ದಿ. ಗುಂಡಿ ಒತ್ತಬೇಡಿ. ಆಮೇಲೆ ಜಾಕೆಟ್ಟು. ಸೂಟು ಕೊನೇಗೆ.”

“ಆಯ್ತಕ್ಕಾ, ಆಯ್ತು” ಎಂದರು ಎಲ್ಲರೂ. ಮಕ್ಕಳು ಹಲ್ಲುಜ್ಜಿದೀನಿ ಎನ್ನುವ ದನಿಯಲ್ಲಿ.

ಅವಳ ಸರದಿ ಕೊನೆಯ ದೋಣಿಯಲ್ಲಿ ಬಂತು. ಎಲ್ಲರಿಗೂ ಸೂಟು ಅಳೆದು ಕೊಟ್ಟು, ಜಿಪ್ಪು ಎಳೆದು, ಉಳಿದದ್ದನ್ನು ತಾನು ಅವಸರದಲ್ಲಿ ತೊಟ್ಟು ಹೊರಬಂದಳು. ಕಟ್ಟೆಯ ಮೇಲಿದ್ದವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅಡುಗೆಯವನು ಹೊಟ್ಟೆ ಹಿಡಿದು ಕೂತೇಬಿಟ್ಟ.

ಸೂಟನ್ನು ಒಳಮೈ ಹೊರಗಾಗಿ ತೊಟ್ಟಿದ್ದಳು. ಹೊಲಿಗೆಗಳೆಲ್ಲ ಮೇಲೆ, ಕತ್ತಿನ ಹತ್ತಿರ ಅಳತೆಯ ಚೀಟಿ. ಬೇರೆಯವರಿಗೆ ಕೊಡುವಾಗ ಮಗುಚಿ ಸರಿಮಾಡಿ ಕೊಡುವ ಕೈ, ತನ್ನದಕ್ಕೆ ಬಂದಾಗ ಹಗ್ಗದ ಮೇಲೆ ಹೇಗಿತ್ತೋ ಹಾಗೇ ಏರಿಸಿಕೊಂಡಿತ್ತು.

“ಹತ್ತೊಂಬತ್ತು ವರ್ಷದ ಅನುಭವ!” ಎಂದ ಅಡುಗೆಯವನು. ದೋಣಿಯಲ್ಲಿದ್ದ ಗಂಡ ಸಮುದ್ರದ ಕಡೆ ತಿರುಗಿಕೊಂಡ. ಬೆವರಿದ ಮೈಯಿಂದ ಆ ರಬ್ಬರನ್ನು ಕಿತ್ತು ಮತ್ತೆ ತೊಡುವುದೆಂದರೆ ಹತ್ತು ನಿಮಿಷದ ಹೋರಾಟ. ಒಂದು ಕ್ಷಣ ತೊಟ್ಟಿಯಕ್ಕನಿಗೆ ಸಾಕೆನ್ನಿಸಿತು. ಟವೆಲ್ಲು ಹಿಡಿದು ನಿಂತ ಹೆಂಗಸರ ನಡುವೆ ಅವಳ ಜಾಗ ಇನ್ನೂ ಖಾಲಿಯೇ ಇತ್ತು.

“ಒಳಗಿನ ಮೈ ತೊಳ್ದೂ ತೊಳ್ದೂ ಅದೇ ಹೊರಗಿಂದು ಅಂತ ಅಭ್ಯಾಸ ಆಗಿದೆ” ಎಂದಳು. “ಐದು ನಿಮಿಷ ಕಾಯ್ರಿ. ನಿಮ್ಮನ್ನೆಲ್ಲ ನಾನು ಇಷ್ಟು ವರ್ಷ ಕಾದಿದೀನಿ.” ಕೋಣೆಗೆ ಹೋದಳು. ಟವೆಲ್ಲಿನ ಹೆಂಗಸರಲ್ಲಿ ಇಬ್ಬರು ಹಿಂದೆಯೇ ಹೋಗಿ, ತಲಾ ಒಂದೊಂದು ಕಾಲು ಹಿಡಿದು ಎಳೆದರು.

ನೀರಿಗಿಳಿಸುವವಳು ಮೂವತ್ತರ ಡೈವಿಂಗ್ ಮೇಡಂ. ದೋಣಿಯಲ್ಲಿ ಪಾಠ ಶುರುಮಾಡಿದಳು: ಮೂಗು ಹಿಡಿದು ಊದಿ, ಕಿವಿ ತೆರೆಯುತ್ತೆ, ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಅಂತಲ್ಲ, ‘ಮೇಲೆ ಹೋಗೋಣ’ ಅಂತ.

“ಒಂದು ಬಿಟ್ರಿ ಮೇಡಂ” ಎಂದಳು ತೊಟ್ಟಿಯಕ್ಕ. “ಉಸಿರು ಹಿಡೀಬಾರ್ದು. ಅದನ್ನ ಯಾವಾಗಲೂ ಮೊದಲು ಹೇಳ್ತೀರಿ.” ಕಟ್ಟೆಯ ಮೇಲೆ ನಡೆಯುವ ಆ ಪಾಠವನ್ನು ತೊಳೆಯುತ್ತ ತೊಳೆಯುತ್ತ ಎಷ್ಟು ಸಾವಿರ ಸಲ ಕೇಳಿದ್ದಳೋ.

ಕೇಳುವುದೇ ಬೇರೆ, ಇಳಿಯುವುದೇ ಬೇರೆ. ತಲೆ ಮುಳುಗಿದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ಉಸಿರು ಹಿಡಿದದ್ದು. ತುಂಬಿದ ಬಕೆಟ್ಟು ಎತ್ತುವಾಗ, ಅತ್ತೆಯನ್ನು ಎಬ್ಬಿಸಿ ಕೂರಿಸುವಾಗ, ಗಂಡ ತಟ್ಟೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಡುವಾಗ, ಎಲ್ಲಾ ಕಡೆ ಹಿಡಿದ ಉಸಿರು ಅದು. ಎದೆ ಬಿಗಿಯಿತು. ಹಲ್ಲು ರಬ್ಬರನ್ನು ಕಚ್ಚಿತು. ಆರಡಿಯ ಆಸಾಮಿ ನೆನಪಾದ. ‘ಪಾಪ, ನಗಬಾರದಿತ್ತು.’ ಹೆಬ್ಬೆರಳು ತಾನಾಗಿ ಮೇಲೇಳಲು ಹೊರಟಿತ್ತು. ಮೇಡಂ ಅವಳ ಕೈಹಿಡಿದು, ತನ್ನ ಬಾಯಿಂದ ಗುಳ್ಳೆ ಬಿಟ್ಟು ತೋರಿಸಿದಳು. ಇನ್ನೊಮ್ಮೆ. ಮತ್ತೊಮ್ಮೆ.

ತೊಟ್ಟಿಯಕ್ಕ ಉಸಿರು ಬಿಟ್ಟಳು. ಆಮೇಲೆ ಎಳೆದುಕೊಂಡಳು. ಬಾಯಿಗೆ ಬಂದದ್ದು ತನ್ನದೇ ಸೋಪಿನ ರುಚಿ. ‘ಇನ್ನೊಂದು ಸಲ ಜಾಲಿಸಬೇಕಿತ್ತು’ ಎಂದುಕೊಂಡಳು, ಅಷ್ಟರಲ್ಲಿ ಹೆದರಿಕೆ ಇಳಿದಿತ್ತು.

ಆರು ಮೀಟರ್ ಆಳದಲ್ಲಿ ಅವಳು ಕಂಡದ್ದರಲ್ಲಿ ಪ್ರವಾಸಿಗರು ವರ್ಣಿಸಿದ್ದೆಲ್ಲ ಇತ್ತು. ಹೂಕೋಸಿನಂಥ ಹವಳ, ಹಳದಿ ಮೀನಿನ ಗುಂಪು. ಅವರು ಹೇಳದಿದ್ದ ಒಂದು ಸಂಗತಿಯೂ ಇತ್ತು. ಗಂಡನ ದೋಣಿಯ ತಳ ಮೇಲೆ ಕಾಣುತ್ತಿತ್ತು. ಅಲ್ಲಿಂದ ಅವನು ಕೂಗಿದರೆ ಕೇಳುತ್ತಿರಲಿಲ್ಲ. ಮ್ಯಾನೇಜರು ಕೂಗಿದರೂ, ಮನೆಯಲ್ಲಿ ಕುಕ್ಕರು ಕೂಗಿದರೂ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ನಿಮಿಷ ಅವಳನ್ನು ಯಾರೂ ಕರೆಯಲಿಲ್ಲ. ಮದುವೆಯಾದ ಮೇಲೆ ಎಚ್ಚರವಾಗಿದ್ದ ಹೊತ್ತಿನಲ್ಲಿ ಇಷ್ಟು ಉದ್ದದ ಕಾಲ ಅವಳಿಗೆ ಸಿಕ್ಕಿರಲಿಲ್ಲ. ತನ್ನ ಉಸಿರಿನ ಸದ್ದು ಹೇಗಿರುತ್ತದೆ ಎಂದು ಅವಳು ಕೇಳಿಸಿಕೊಂಡಳು. ಒರಟಾಗಿತ್ತು. ಆಮೇಲೆ ನಿಧಾನವಾಯಿತು.

ದಡಕ್ಕೆ ಬಂದರೆ ಕಟ್ಟೆಯ ಮೇಲೆ ರಾಶಿ. ಹದಿನಾಲ್ಕು ಜನರ ಮಾಸ್ಕು, ಜಾಕೆಟ್ಟು, ಕೊಳವೆ, ಸೂಟು, ಎಲ್ಲವೂ ಒಂದರ ಮೇಲೊಂದು. ಮೂರು ತೊಟ್ಟಿಯ ನೀರು ಕಲಕದೆ ಹಾಗೇ ಇತ್ತು. ಜನ ಜ್ಯೂಸು ಕುಡಿಯುತ್ತಿದ್ದರು.

“ಬಂದ್ರಾ ಅಕ್ಕಾ” ಎಂದರು ಮ್ಯಾನೇಜರು. “ಸ್ವಲ್ಪ ಬೇಗ ಆಗ್ಲಿ, ಸಂಜೆಯೊಳಗೆ ಎಲ್ಲಾ ಒಣಗಿಸಿ ಉಗ್ರಾಣಕ್ಕೆ ಹಾಕ್ಬೇಕು.”

ತೊಟ್ಟಿಯಕ್ಕ ತನ್ನ ಮಾಸ್ಕು ತೊಳೆದಳು. ಕೊಳವೆಗೆ ಮುಚ್ಚಳ ಹಾಕಿ ಅದ್ದಿ, ಎರಡು ಸಲ ಜಾಲಿಸಿದಳು. ಜಾಕೆಟ್ಟಿನ ನೀರು ಬಸಿದಳು. ಸೂಟು ಕಳಚಿ, ಮಗುಚಿ, ತೊಳೆದು, ಹಗ್ಗಕ್ಕೆ ಹಾಕಿದಳು. ಒದ್ದೆ ಕೂದಲು ಒರೆಸಿಕೊಳ್ಳುತ್ತ ಪ್ರವಾಸಿಗರ ಕುರ್ಚಿಯೊಂದನ್ನು ನೆರಳಿಗೆ ಎಳೆದು ಕೂತಳು.

ಗಂಡ ಹತ್ತಿರ ಬಂದ. “ಏನ್ ಮಾಡ್ತಿದೀಯಾ?”

“ಕೂತಿದೀನಿ.”

“ಅಲ್ಲ, ಇದೆಲ್ಲಾ...”

“ನಂದಾಯ್ತು ರೀ.”

ಜ್ಯೂಸು ಕುಡಿಯುತ್ತಿದ್ದವರು ಇತ್ತ ತಿರುಗಿದರು. ಅವಳು ಕೈಕಟ್ಟಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಆ ಕೈಗಳನ್ನು ಎಲ್ಲಿಡಬೇಕೆಂದು ಅವಳಿಗೂ ಗೊತ್ತಾಗುತ್ತಿರಲಿಲ್ಲ. ಉಪ್ಪು ಒಣಗುವ ಸಾಮಾನು ನೋಡಿದರೆ ಬೆರಳು ತುರಿಸುತ್ತಿತ್ತು. ಎದ್ದುಬಿಟ್ಟರೆ ಹತ್ತು ನಿಮಿಷದಲ್ಲಿ ಎಲ್ಲರಿಗೂ ನೆಮ್ಮದಿ. ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು.

ಮೊದಲು ಎದ್ದದ್ದು ಡೈವಿಂಗ್ ಮೇಡಂ. ಆಮೇಲೆ ಟವೆಲ್ಲಿನ ಹೆಂಗಸರು ಕದಲಿದರು. “ನೀವು ಕೂತ್ಕೊಳ್ರೇ, ನೀವೆಲ್ಲಿ ಮುಳುಗಿದ್ರಿ?” ಎಂದಳು ತೊಟ್ಟಿಯಕ್ಕ. ಆ ಮಾತಿಗೆ ಗಂಡ ಅಂಗಿಯ ತೋಳು ಮಡಚಿ ತೊಟ್ಟಿಯತ್ತ ನಡೆದ. ಅವನನ್ನು ನೋಡಿ ತೋಟದವನು, ಅಡುಗೆಯವನು.

“ಮುಚ್ಚಳ!” ಎಂದಳು ಕುರ್ಚಿಯಿಂದಲೇ. “ಗುಂಡಿ ಮೇಲಿಂದ ಬೆರಳು ತೆಗೀರಿ!” ಅಷ್ಟರಲ್ಲಿ ಅಡುಗೆಯವನು ಎರಡು ಕೊಳವೆಗೆ ನೀರು ಕುಡಿಸಿಯಾಗಿತ್ತು. ಬಿಚ್ಚಬೇಕಾಯಿತು. ಅವನೇ ಬಿಚ್ಚಿದ, ಅವಳು ಹೇಳಿಕೊಟ್ಟಳು. ಮೂರನೇ ತೊಟ್ಟಿಯ ಹತ್ತಿರ ಗಂಡ ಸೂಟೊಂದನ್ನು ಮಗುಚಿ, ಮೂಗು ಮುಚ್ಚಿಕೊಂಡ.

“ಥೂ, ಇದು ಯಾರದಪ್ಪಾ?”

ಮ್ಯಾನೇಜರು ಆಫೀಸಿನ ಕಡೆ ಹೊರಟರು. “ಅದಕ್ಕೇ ಕೊನೇಗೆ ಅಂದಿದ್ದು” ಎಂದಳು ತೊಟ್ಟಿಯಕ್ಕ. “ಎರಡು ಸಲ ಸೋಪು ಹಾಕಿ. ಯಾರದು ಅಂತ ಕೇಳೋ ಹಾಗಿಲ್ಲ.”

ಸಂಜೆಯವರೆಗೆ ಹಿಡಿಯಿತು. ಮನೆಗೆ ಹೊರಡುವಾಗ ಹಾಜರಿ ಯಂತ್ರದ ಮುಂದೆ ಸಾಲು ನಿಂತಿತು. ತೋಟದವನು ಬೆರಳಿಟ್ಟ. ಕೆಂಪು ದೀಪ: ‘ಮತ್ತೊಮ್ಮೆ ಪ್ರಯತ್ನಿಸಿ.’ ಅಡುಗೆಯವನು ಪ್ಯಾಂಟಿಗೆ ಒರೆಸಿ ಒರೆಸಿ ಇಟ್ಟ. ಕೆಂಪು. ಗುಮಾಸ್ತೆ ನಗು ತಡೆದುಕೊಂಡು ಡ್ರಾಯರಿನಿಂದ ನೋಟ್‌ಬುಕ್ ತೆಗೆದಳು.

ಗಂಡ ಸಹಿ ಹಾಕಲು ಬಗ್ಗಿದವನು ಹಾಗೇ ನಿಂತ. ಹಿಂದಿನ ಹಾಳೆ ತಿರುವಿದ, ಅದರ ಹಿಂದಿನದನ್ನೂ. ಎಲ್ಲಾ ಸಾಲಿನಲ್ಲೂ ಒಂದೇ ಹೆಸರು, ಒಂದೇ ಸಹಿ. ಆಮೇಲೆ ತನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡ. ತುದಿ ಬೆಳ್ಳಗೆ ಮುದುರಿತ್ತು.

ಅವಳು ಅವನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಸಾಲಿಗೆ ಸಹಿ ಹಾಕಿದಳು.

“ಬೆಳಿಗ್ಗೆ ಹೊತ್ತಿಗೆ ಸರಿಹೋಗುತ್ತೆ ರೀ” ಎಂದಳು. “ನಿಮ್ಮದು.”