ದರ್ಜಿಯ ಬಲಗಾಲಿನ ಮೆತ್ತೆ

ನಮ್ಮ ಪಾದದ ಡಾಕ್ಟರಮ್ಮನ ಜೊತೆ ಹನ್ನೊಂದು ವರ್ಷದಿಂದ ಏಗುತ್ತಿದ್ದೇನೆ. ಶೂ ಒಳಗೆ ಇಡುವ ಮೆತ್ತೆಗಳನ್ನು ಹಿಂದಿನ ಕೋಣೆಯಲ್ಲಿ ಉಜ್ಜಿ ಕೊಡುವವನು ನಾನು. ಅದರಲ್ಲಿ ಹುಳುಕು ಹುಡುಕುವವರು ಅವರು. ಪುಸ್ತಕದಲ್ಲಿ ಒಂದು ಅಳತೆ ಇದ್ದರೆ ಅವರ ಹೆಬ್ಬೆರಳಲ್ಲಿ ಇನ್ನೊಂದು. ಒತ್ತಿ ನೋಡಿ, "ಇನ್ನೊಂಚೂರು ತೆಗಿ" ಅನ್ನುತ್ತಾರೆ. ಒಂಚೂರು ಅಂದರೆ ಎಷ್ಟು ಎಂದು ದೇವರಾಣೆಗೂ ನನಗೆ ಇವತ್ತಿನವರೆಗೆ ತಿಳಿದಿಲ್ಲ.

ದರ್ಜಿಯ ಬಲಗಾಲಿನ ಮೆತ್ತೆ ನಾಲ್ಕು ಸಲ ವಾಪಸ್ ಬಂತು. ಸಕ್ಕರೆ ಕಾಯಿಲೆಯವನು, ಹೆಬ್ಬೆರಳ ಬುಡದ ಅಡಿಯಲ್ಲಿ ಗಾಯ. ಎರಡು ತಿಂಗಳೊಳಗೆ ಮಾಯದಿದ್ದರೆ ಬೆರಳು ತೆಗೆಯುವುದೇ ಎಂದು ಸರ್ಜನ್ ಹೇಳಿಬಿಟ್ಟಿದ್ದರು. ಡಾಕ್ಟರಮ್ಮ ಗಾಯದ ಪಟ್ಟಿಗೆ ಲಿಪ್‌ಸ್ಟಿಕ್ ಬಳಿದು, ಶೂ ಹಾಕಿಸಿ ನಡೆಸಿ, ಮೆತ್ತೆಯಲ್ಲಿ ಕೆಂಪು ಗುರುತು ಬಿದ್ದ ಕಡೆ ಗುಳಿ ಕೊರೆಸಿದರು. ಭಾರ ಅಲ್ಲಿಗೆ ಬೀಳಬಾರದೆಂದು ಹಿಂದೆ ಒಂದು ದಿಂಬು ಅಂಟಿಸಿದರು. ಮುಂದಿನ ವಾರ ದಿಂಬು ಎತ್ತರಿಸು, ಅದರ ಮುಂದಿನ ವಾರ ಗುಳಿ ಅಗಲಿಸು. ನನಗೆ ತಲೆ ಕೆಟ್ಟುಹೋಯಿತು. ಗಾಯ ಮಾತ್ರ ಹಾಗೇ ಇತ್ತು.

ಐದನೇ ಸಲ ಮೆತ್ತೆಯನ್ನು ಅವರ ಮೇಜಿನ ಮೇಲೆ ಕುಕ್ಕಿದೆ. "ಒಂದು ತಿಂಗಳು ತುಳಿದ ಮೆತ್ತೆನಾ ಮೇಡಂ ಇದು? ಬೆರಳು ಒತ್ತಿ ತಗ್ಗಾದ ಗುರುತೇ ಇಲ್ಲ. ಆಸಾಮಿ ಇಲ್ಲಿಗೆ ಬರೋಕೆ ಮಾತ್ರ ಶೂ ಹಾಕ್ತಾನೆ!"

ಡಾಕ್ಟರಮ್ಮ ಸೀದಾ ಅವನ ಅಂಗಡಿಗೆ ಹೊರಟರು. ಚೀಲ ಹೊತ್ತುಕೊಂಡು ನಾನು ಹಿಂದೆ. ಅಲ್ಲಿ ಶೂಗಳು ಮೂಲೆಯಲ್ಲಿ ಜೋಡಿಸಿಟ್ಟ ಹಾಗೇ ಇದ್ದವು. ದರ್ಜಿ ಬರಿಗಾಲಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ. ಪೆಡಲ್ಲಿನ ಕಬ್ಬಿಣದ ಏಣು ಸರಿಯಾಗಿ ಗಾಯಕ್ಕೇ ಒತ್ತುತ್ತಿತ್ತು.

"ಏನ್ರೀ ಇದು? ನಾವೇನು ಕೆಲಸ ಇಲ್ದೆ ಕೂತಿದೀವಾ?" ಡಾಕ್ಟರಮ್ಮ ರೇಗಿದರು.

"ಶೂ ಹಾಕಿದ್ರೆ ಪೆಡಲ್ ಗೊತ್ತಾಗಲ್ಲ ಮೇಡಂ."

"ಬರಿಗಾಲಲ್ಲಿ ಗೊತ್ತಾಗುತ್ತಾ?"

ಅವನು ಯಂತ್ರ ನಿಲ್ಲಿಸಿದ. "ಇಲ್ಲ. ಕಾಲು ಮರಗಟ್ಟಿ ಎರಡು ವರ್ಷ ಆಯ್ತು. ಇವತ್ತಾದ್ರೂ ಗೊತ್ತಾಗುತ್ತೇನೋ ಅಂತ ದಿನಾ ಶೂ ಬಿಚ್ತೀನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಡಾಕ್ಟರಮ್ಮ ನೂಲಿನ ತುಂಡುಗಳ ಮಧ್ಯೆ ನೆಲದ ಮೇಲೆ ಕೂತು, ಅವನ ಕಾಲನ್ನು ತಾವೇ ಶೂ ಒಳಗೆ ತೂರಿಸಿ ಲೇಸ್ ಕಟ್ಟಿದರು.

"ಇನ್ಮೇಲೆ ಗೊತ್ತಾಗಲ್ಲ ಕಣ್ರೀ," ಅಂದರು. "ಕಣ್ಣಲ್ಲಿ ನೋಡ್ಕೊಂಡು ತುಳೀರಿ."

ದರ್ಜಿ ಕಾಲನ್ನೇ ನೋಡುತ್ತಾ ತುಳಿದ. ಹೊಲಿಗೆ ಸೊಟ್ಟಗೆ ಹೋಯಿತು. ಅದನ್ನು ಬಿಚ್ಚಿ ಮತ್ತೆ ಶುರು ಮಾಡಿದ, ಮತ್ತೆ ಸೊಟ್ಟ. ಶೂ ಮಾತ್ರ ತೆಗೆಯಲಿಲ್ಲ.