ಮಗ್ಗದೆಣ್ಣೆ ಕುಡಿದ ಬ್ರೇಕು

ದೊಡ್ಡಬಳ್ಳಾಪುರದಿಂದ ನಾವು ಹೊರಟಾಗ ಊಟದ ಹೊತ್ತು ಕಳೆದಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತಿದು. ಕಾರು ನಮ್ಮ ಸೋದರಮಾವ ನಂಜಪ್ಪನದು, ಓಡಿಸುತ್ತಿದ್ದವನೂ ಅವನೇ; ಜೊತೆಗೆ ನಾನೊಬ್ಬನೇ. ಮೂರು ಕೈ ದಾಟಿ ಬಂದ ಹಳೇ ಗಾಡಿ. ಮರುದಿನ ಬೆಳಿಗ್ಗೆ ಹೊಸಕೋಟೆಯಲ್ಲಿ ಚಿಕ್ಕಮ್ಮನ ಮಗಳು ಸರೋಜಳ ಮದುವೆ. ನಮ್ಮಲ್ಲಿ ಸೋದರಮಾವ ತಂದ ಸೀರೆ ಉಟ್ಟೇ ಹುಡುಗಿ ಧಾರೆಗೆ ಕೂರಬೇಕು. ಮಾವ ತಾನೇ ಕೂತು ನೇಯ್ದಿದ್ದ ಆ ಸೀರೆ ಬಿಳಿ ಬಟ್ಟೆಯ ಗಂಟಿನಲ್ಲಿ ನನ್ನ ತೊಡೆಯ ಮೇಲಿತ್ತು. ಅವನ ಹೆಗಲ ಮೇಲಿದ್ದ ರೇಷ್ಮೆ ಶಲ್ಯವೂ ಅದೇ ಮಗ್ಗದ್ದು.

ದೇವನಹಳ್ಳಿ ಕೋಟೆ ಕಾಣುವಷ್ಟರಲ್ಲಿ ಕಾರು ಏದುಸಿರು ಬಿಡತೊಡಗಿತು. ಸುಟ್ಟ ವಾಸನೆ ಬಂತು. ಇಳಿದು ಚಕ್ರಕ್ಕೆ ನೀರು ಚಿಮುಕಿಸಿದರೆ ಚುಯ್ ಎಂದಿತು. "ಬ್ರೇಕ್ ಮೇಲೆ ಕಾಲೇ ಇಟ್ಟಿಲ್ಲ ಕಣೋ, ತಾನೇ ಹಿಡ್ಕೊಂಡ್ಬಿಟ್ಟಿದೆ!" ಎಂದು ಮಾವ ಕಂಗಾಲಾದ. ಕುಂಟುತ್ತಾ, ತಳ್ಳುತ್ತಾ ಊರೊಳಗಿನ ಮೆಕ್ಯಾನಿಕ್ ಬಾಷಾನ ಷೆಡ್ಡು ಮುಟ್ಟಿದೆವು.

ಬಾಷಾ ಬಾಯಿಬಡುಕ. ನಮ್ಮನ್ನು ನೋಡಿದ್ದೇ, "ನನ್ ಕೈಗೆ ಬಂದ್ಮೇಲೆ ಓಡ್ಲೇಬೇಕು ಗುರು!" ಎಂದು ಕೂಗಿದ. ಕಾರನ್ನು ಜಾಕಿಯ ಮೇಲೆ ಎತ್ತಿದ. ಯಾವ ಚಕ್ರವೂ ಕೈಯಲ್ಲಿ ತಿರುಗಲಿಲ್ಲ. ಒಂದು ಚಕ್ರದ ಹಿಂದಿನ ಸಣ್ಣ ತಿರುಪು ಸಡಿಲಿಸಿದಾಗ ಎಣ್ಣೆ ಪಿಚಕ್ಕನೆ ಹಾರಿ, ಆ ಚಕ್ರ ಬಿಟ್ಟುಕೊಂಡಿತು. ಬಾಷಾ ಆ ಎಣ್ಣೆಯನ್ನು ಮೂಸಿ ಮುಖ ಸಿಂಡರಿಸಿದ.

"ಏನ್ ಹುಯ್ದಿದ್ದೀರಾ ಇದಕ್ಕೆ?"

"ಹೋದ ವಾರ ಬ್ರೇಕೆಣ್ಣೆ ಕಮ್ಮಿ ಆಗಿತ್ತಪ್ಪ, ಮಗ್ಗದೆಣ್ಣೆ ಹುಯ್ದೆ. ಒಳ್ಳೇ ಎಣ್ಣೆ! ಮಗ್ಗ ಹೂವಿನ ಥರ ಓಡುತ್ತೆ."

"ಮಗ್ಗ ಓಡ್ಬೇಕು ಸ್ವಾಮಿ, ಬ್ರೇಕ್ ನಿಲ್ಲಿಸ್ಬೇಕು! ಒಳಗಿನ ರಬ್ಬರ್ ಬಟ್ಟಲೆಲ್ಲಾ ಇದನ್ನ ಕುಡಿದು ಊದ್ಕೊಂಡಿರುತ್ವೆ."

ಚಕ್ರದ ಬ್ರೇಕ್ ಡ್ರಮ್ಮು ಬಿಚ್ಚಿದಾಗ ನಾನು ಇಣುಕಿದೆ. ಅರ್ಧಚಂದ್ರದಂಥ ಎರಡು ಬ್ರೇಕ್ ಷೂ, ಅವನ್ನು ಎಳೆದಿಡುವ ಸ್ಪ್ರಿಂಗು, ನಡುವೆ ಹೆಬ್ಬೆರಳಿನಷ್ಟು ಸಿಲಿಂಡರು. ಇಷ್ಟೇ! ಐದಾರು ಜನ ತುಂಬಿದ ಕಾರನ್ನು ಇಷ್ಟು ಪುಟ್ಟ ಸಾಮಾನು ನಿಲ್ಲಿಸುತ್ತದೆಯೇ? ಮಾವನೂ ಎಣ್ಣೆಯ ವಾದ ಮರೆತು, ದೇವರ ಪೆಟ್ಟಿಗೆ ತೆರೆದಂತೆ ಬಗ್ಗಿ ನೋಡಿದ.

ಬಾಷಾನ ಡಬ್ಬಿಯಲ್ಲಿ ಹೊಸ ಬಟ್ಟಲುಗಳಿದ್ದವು. ನೋಡಲು ಎಲ್ಲ ಒಂದೇ. ಆದರೆ ಮುಂದಿನ ಚಕ್ರದ್ದು ಕೂದಲಷ್ಟು ದೊಡ್ಡದು. ಒಂದೊಂದನ್ನೂ ಸಿಲಿಂಡರಿಗಿಟ್ಟು ಹೆಬ್ಬೆರಳಿಂದ ಒತ್ತಿದ. ಸಲೀಸಾಗಿ ಬಿದ್ದದ್ದನ್ನೂ, ಮೊಂಡು ಹಿಡಿದದ್ದನ್ನೂ ಪಕ್ಕಕ್ಕೆಸೆದ. ಹಿತವಾಗಿ ಜಾರಿದ್ದನ್ನಷ್ಟೇ ಆರಿಸಿದ.

"ಮೊದ್ಲು ಸ್ಪಿರಿಟ್‌ನಲ್ಲಿ ಒಳಗೆಲ್ಲ ಒರೆಸ್ಬೇಕು. ನನ್ ಹತ್ರ ಇರೋದು ಹತ್ತಿ ಬಟ್ಟೆ. ಒಂದೆಳೆ ಒಳಗೆ ಉಳಿದ್ರೂ ಸೋರುತ್ತೆ," ಎಂದವನ ಕಣ್ಣು ನನ್ನ ಕೈಯಲ್ಲಿದ್ದ ಗಂಟಿನ ಮೇಲೆ ಬಿತ್ತು. "ಅದೇನು, ರೇಷ್ಮೇನಾ?"

ನಾನು ಗಂಟನ್ನು ಎದೆಗವಚಿಕೊಂಡೆ. ಮಾವ ಹೆಗಲ ಶಲ್ಯ ತೆಗೆದು, ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದ. ನೇಯ್ದ ಕೈಯೇ ಹರಿಯಿತು.

"ತಗೋ. ನನ್ ರೇಷ್ಮೆ ಎಳೆ ಬಿಡಲ್ಲ."

ಬಾಷಾ ಆ ತುಂಡನ್ನು ಕಣ್ಣಿಗೊತ್ತಿಕೊಂಡೇ ಕೆಲಸಕ್ಕಿಳಿದ. ಕೊಳವೆಗಳನ್ನು ತೊಳೆದ, ಹೊಸ ಬಟ್ಟಲು ಕೂರಿಸಿದ, ಸರಿಯಾದ ಎಣ್ಣೆ ತುಂಬಿ ಕೊಳವೆಯಲ್ಲಿ ಸಿಕ್ಕಿದ್ದ ಗಾಳಿ ತೆಗೆದ. ನಾವು ಷೆಡ್ಡು ಬಿಟ್ಟಾಗ ಹೊತ್ತು ಇಳಿದಿತ್ತು. ಸೂಲಿಬೆಲೆ ದಾಟಿ ಕೆರೆ ಏರಿಯ ಇಳಿಜಾರಿನಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂತು. ಮಾವ ಬ್ರೇಕ್ ಒತ್ತಿದ. ಕಾರು ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ ನಿಂತಿತು. ತೊಡೆಯ ಮೇಲಿನ ಗಂಟು ಜಾರಲಿಲ್ಲ.

ಬೆಳಿಗ್ಗೆ ಸರೋಜ ಆ ಸೀರೆಯುಟ್ಟು ಧಾರೆಗೆ ಕೂತಳು. ಚಿಕ್ಕಮ್ಮ, "ಏನಣ್ಣಾ, ಅರ್ಧ ಶಲ್ಯ ಹೊದ್ಕೊಂಡ್ ಬಂದಿದ್ದೀಯಾ?" ಎಂದಳು.

"ಕಾರಿಗೂ ಮುಯ್ಯಿ ಮಾಡ್ಬೇಕಿತ್ತಮ್ಮ," ಎಂದ ಮಾವ.

ಸಂಜೆ ನಾವು ಹೊರಟಾಗ ಸರೋಜ ಚಪ್ಪರದ ಬಾಗಿಲಲ್ಲಿ ನಿಂತಿದ್ದಳು. ತಿರುವಿನಲ್ಲಿ ಮಾವ ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದ. ಕಾರು ಅಲ್ಲೇ ನಿಂತಿತು.

"ಯಾಕೆ ಮಾವ, ಏನಾಯ್ತು?"

"ಏನಿಲ್ಲ ಕಣೋ," ಎಂದು ಅವನು ಹಿಂದಕ್ಕೆ, ಸರೋಜಳ ಕಡೆ ತಿರುಗಿದ. "ಇನ್ನೊಂದ್ಸಲ ನೋಡ್ಬಿಡ್ತೀನಿ."